ಕ್ಯಾಸೆಟ್ ಮಾವನ ಹತ್ತರ ಪಟ್ಟಿ

ಪ್ರತಿ ಮನೆತನದಲ್ಲೂ ಹೋಳಿಗೆಗೆ ಹೆಸರಾದ ಒಬ್ಬ ಅತ್ತೆ, ಸಾಲಕ್ಕೆ ಹೆಸರಾದ ಒಬ್ಬ ಚಿಕ್ಕಪ್ಪ ಇರುವ ಹಾಗೆ ಒಬ್ಬ ಕ್ಯಾಸೆಟ್ ಮಾವನೂ ಇರುತ್ತಾರೆ. ಗುರುತು ಹಿಡಿಯುವುದು ಕಷ್ಟವಲ್ಲ. ಮದುವೆ ಮನೆಯಲ್ಲಿ ಉಳಿದವರೆಲ್ಲ ಎರಡನೇ ಪಂಕ್ತಿಗೆ ಜಾಗ ಹಿಡಿಯುತ್ತಿದ್ದರೆ, ಇವರು ಸ್ಪೀಕರಿನ ಪಕ್ಕ ತಲೆ ಓರೆ ಮಾಡಿಕೊಂಡು ನಿಂತು, “ಇದು ಒರಿಜಿನಲ್ ಅಲ್ಲ, ಬೇರೆ ಯಾರೋ ಟ್ರ್ಯಾಕ್ ಹಾಕ್ಕೊಂಡು ಹಾಡಿದಾರೆ” ಎನ್ನುತ್ತಾರೆ. ಯಾರೂ ಕೇಳಿರುವುದಿಲ್ಲ. ಹಾಡನ್ನೂ, ಅವರನ್ನೂ.

ನಮ್ಮ ಮಾವ ಬ್ಯಾಂಕಿನಲ್ಲಿ ಹೆಡ್ ಕ್ಯಾಷಿಯರ್ ಆಗಿದ್ದು ನಿವೃತ್ತರಾದವರು. ಮೈಸೂರಿನ ಸರಸ್ವತೀಪುರದ ಮನೆಯಲ್ಲಿ, ದೇವರ ಕೋಣೆಗೆ ಎದುರಾಗಿ ಅವರ ಕಪಾಟು. ದೇವರ ಪಟಗಳಿಗೆ ವಾರಕ್ಕೊಂದು ಸಲ ಬಟ್ಟೆ ಬಿದ್ದರೆ ಕಪಾಟಿಗೆ ದಿನಕ್ಕೆರಡು ಸಲ. ಮಳೆಗಾಲದಲ್ಲಿ ಟೇಪಿಗೆ ಬೂಷ್ಟು ಹಿಡಿಯಬಾರದೆಂದು ಒಳಗೊಂದು ನಲವತ್ತು ವ್ಯಾಟಿನ ಬಲ್ಬು ಉರಿಸಿಡುತ್ತಾರೆ. ಒಂದು ಆಷಾಢದಲ್ಲಿ ಅತ್ತೆ ಅದೇ ಬಲ್ಬಿನ ಕೆಳಗೆ ನಾಲ್ಕು ಸಂಡಿಗೆ ಇಟ್ಟುಬಿಟ್ಟಿದ್ದರು. ಆ ಮಾತುಕತೆ ಇನ್ನೂ ಮುಗಿದಿಲ್ಲ.

ಹೋದ ದಸರಾದಲ್ಲಿ ನನ್ನ ಮಗಳು, ಹೋಗಲಿ ಪಾಪ ಮಾತಾಡಿಸೋಣ ಅಂತ, “ತಾತ, ನಿಮ್ಮ ಆಲ್ ಟೈಮ್ ಫೇವರಿಟ್ ಆಲ್ಬಮ್ ಯಾವುದು?” ಎಂದು ಕೇಳಿದಳು. ಅಡುಗೆಮನೆಯಿಂದ ಅದನ್ನು ಕೇಳಿಸಿಕೊಂಡ ಅತ್ತೆ ಸೆರಗಿಗೆ ಕೈ ಒರೆಸಿಕೊಂಡು, ಬೀರು ತೆಗೆದು, ತಮ್ಮ ಮದುವೆಯ ಫೋಟೋ ಆಲ್ಬಮ್ ತಂದು ಮಗುವಿನ ತೊಡೆಯ ಮೇಲಿಟ್ಟರು. ಮಾವ ಅದರ ಕಡೆ ನೋಡಲೂ ಇಲ್ಲ. “ಒಂದಾ ಹತ್ತಾ?” ಎಂದರು. ನಾವು ದೊಡ್ಡವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇನ್ನು ರಾತ್ರಿ ಊಟ ಹತ್ತು ಗಂಟೆಗೇ.

ಬ್ಯಾಂಕಿನವರು ವರ್ಷ ವರ್ಷ ಕೊಡುತ್ತಿದ್ದ ಡೈರಿಯ ಕೊನೆಯ ಪುಟದಲ್ಲಿ ಆ ಪಟ್ಟಿ ಇರುತ್ತದೆ. ಜನವರಿ ಬಂದರೆ ಹೊಸ ಡೈರಿಗೆ ಓಪನಿಂಗ್ ಬ್ಯಾಲೆನ್ಸ್ ಹಾಗೆ ಇಳಿಸಿಕೊಳ್ಳುವುದು. ಬರೆಯುವುದು ಪೆನ್ಸಿಲ್ಲಿನಲ್ಲಿ ಮಾತ್ರ; ಅದೇ ಪೆನ್ಸಿಲ್ಲನ್ನು ಕ್ಯಾಸೆಟ್ಟಿನ ಹಲ್ಲಿಗೆ ಸಿಕ್ಕಿಸಿ ಸಡಿಲವಾದ ಟೇಪು ಸುತ್ತುವುದೂ ಉಂಟು. ಬರೆಯುವುದಕ್ಕಿಂತ ಸುತ್ತಿದ್ದೇ ಹೆಚ್ಚು, ಆದ್ದರಿಂದ ಮೊನೆ ಇನ್ನೂ ಚೂಪಾಗಿದೆ.

ಪಟ್ಟಿಗೆ ಕಾನೂನುಗಳಿವೆ. ಆಯ್ದ ಹಾಡುಗಳ ಕ್ಯಾಸೆಟ್ಟಿಗೆ ಪ್ರವೇಶವಿಲ್ಲ. “ಅದು ಪಂಕ್ತೀಲಿ ಎಲ್ಲರ ಎಲೆಯಿಂದ ಒಂದೊಂದು ಬೋಂಡ ಎತ್ಕೊಂಡ ಹಾಗೆ ಕಣಮ್ಮ. ಊಟ ಮಾಡಿದೆ ಅಂತ ಹೇಳಕ್ಕಾಗಲ್ಲ.” ಒಂದು ಹಾಡಿಗಾದರೂ ಫಾರ್ವರ್ಡ್ ಒತ್ತಬೇಕೆನಿಸಿದರೆ ಆ ಕ್ಯಾಸೆಟ್ ಅನರ್ಹ. ಎಲ್ಲಕ್ಕಿಂತ ಕಠಿಣವಾದದ್ದು, ಎ ಸೈಡ್ ಮುಗಿದು ಗುಂಡಿ ‘ಟಕ್’ ಎಂದು ಎಗರಿದಾಗ, ಕೇಳುತ್ತಿದ್ದವನು ತಾನಾಗಿ ಕುರ್ಚಿಯಿಂದ ಎದ್ದು ಹೋಗಿ ತಿರುಗಿಸಿ ಹಾಕಬೇಕು. ಹೆಂಡತಿಗೆ ಹೇಳಿ ಹಾಕಿಸಿದರೆ ಲೆಕ್ಕಕ್ಕಿಲ್ಲ. ನನ್ನನ್ನು ಕೇಳಿದರೆ, ಸಂಗೀತ ವಿಮರ್ಶೆಯಲ್ಲಿ ಇಷ್ಟು ಪ್ರಾಮಾಣಿಕವಾದ ಅಳತೆಗೋಲನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕಾನೂನು ಇದ್ದಲ್ಲಿ ವ್ಯಾಜ್ಯವೂ ಇರಬೇಕಲ್ಲ. ಆಗಿನ ಕಂಪನಿಗಳು ಎ ಸೈಡಿಗೆ ಒಂದು ಸಿನಿಮಾ, ಬಿ ಸೈಡಿಗೆ ಇನ್ನೊಂದು ಸಿನಿಮಾ ತುಂಬಿ ಒಂದೇ ಡಬ್ಬಿಯಲ್ಲಿ ಮಾರುತ್ತಿದ್ದವು. ಮಾವನ ಹತ್ತಿರ ‘ಎರಡು ಕನಸು’ ಇರುವುದು ಹಾಗೆಯೇ, ಬೆನ್ನಿಗೆ ಬೇರೊಂದನ್ನು ಕಟ್ಟಿಕೊಂಡು. ಎರಡೂ ರಾಜನ್–ನಾಗೇಂದ್ರ ಅವರದ್ದೇ. ಅಣ್ಣತಮ್ಮಂದಿರು ಮೈಸೂರಿನವರು ಎಂಬ ಒಂದೇ ಕಾರಣಕ್ಕೆ ಹೊರಗಿಡುವಂತಿಲ್ಲ. ಹಾಗಾದರೆ ಒಂದು ಸ್ಥಾನ ಕೊಡಬೇಕೋ ಎರಡೋ? ಮೂರು ವರ್ಷ ಯೋಚಿಸಿ ಜಾಯಿಂಟ್ ಅಕೌಂಟ್ ಮಾಡಿಕೊಟ್ಟರು.

ಮೊದಲನೆಯ ಸ್ಥಾನದಲ್ಲಿ 1978ರ ‘ನಿತ್ಯೋತ್ಸವ’. ಕನ್ನಡ ಭಾವಗೀತೆಗಳು ಕ್ಯಾಸೆಟ್ಟಿಗೆ ಬಂದದ್ದೇ ಅಲ್ಲಿಂದ. ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆ, ನಿಸಾರ್ ಅಹಮದ್ ಅವರ ಕವಿತೆ. “ನಿಸಾರರು ಕಾಲೇಜಲ್ಲಿ ಪಾಠ ಮಾಡ್ತಿದ್ದಿದ್ದು ಭೂವಿಜ್ಞಾನ. ಕಲ್ಲಿನ ವಿಷಯ ತಿಳಿದೋರು. ಅದಕ್ಕೇ ಅದು ಜಾಗ ಬಿಟ್ಟು ಕದಲಲ್ಲ” ಎನ್ನುತ್ತಾರೆ ಮಾವ, ಪ್ರತಿ ಸಲವೂ, ಹೊಸದಾಗಿ ಹೊಳೆದಂತೆ. ಎರಡನೆಯದು ಭೀಮಸೇನ ಜೋಶಿಯವರ ದಾಸವಾಣಿ. ಮೂರಕ್ಕೆ ‘ಸನಾದಿ ಅಪ್ಪಣ್ಣ’, ಬಿಸ್ಮಿಲ್ಲಾ ಖಾನರ ಶಹನಾಯಿಗಾಗಿ. ಆ ಕ್ಯಾಸೆಟ್ ಹಾಕಿದಾಗ ಮನೆಯಲ್ಲಿ ಮಿಕ್ಸಿ ಓಡುವಂತಿಲ್ಲ. ಚಟ್ನಿ ತಿನ್ನಬೇಕೆನಿಸಿದವರು ಒರಳಿಗೆ ಹೋಗಬಹುದು. ಆಮೇಲೆ ಅಶ್ವತ್ಥ್ ಅವರ ಶರೀಫ, ಇಳಯರಾಜ ಅವರ ‘ಗೀತಾ’ (1981) ಮತ್ತು ‘ಪಲ್ಲವಿ ಅನುಪಲ್ಲವಿ’ (1983). ಹೊರಗಿನವರಿಗೆ ಎರಡು ಸೀಟು ಕೊಟ್ಟಿದ್ದೀರಲ್ಲ ಎಂದು ಯಾರಾದರೂ ಕೆಣಕಿದರೆ, “ಯಾರ್ರೀ ಹೊರಗಿನೋರು? ಜಿ.ಕೆ. ವೆಂಕಟೇಶ್ ಅವರಿಗೆ ಅಸಿಸ್ಟೆಂಟಾಗಿ ಪಳಗಿದ ಕೈ ಅದು!” ಎಂದು ಎದ್ದೇ ನಿಲ್ಲುತ್ತಾರೆ.

ಎದುರು ಮನೆಯಲ್ಲೊಬ್ಬ ಎಲ್‌ಪಿ ರಾಯರಿದ್ದಾರೆ. ಕಾಫಿ ಬೀಜ ಹುರಿದು ಪುಡಿ ಮಾಡಿಸುವವರು ಇನ್‌ಸ್ಟಂಟ್ ಕುಡಿಯುವವರನ್ನು ನೋಡುವ ಕಣ್ಣಿನಿಂದ ಅವರು ಮಾವನನ್ನು ನೋಡುತ್ತಾರೆ. ಇಬ್ಬರೂ ಒಟ್ಟಾಗುವುದು ನನ್ನ ಮಗಳು ಮೊಬೈಲ್ ತೆಗೆದಾಗ ಮಾತ್ರ. “ತಾತ, ಎಲ್ಲಾ ಹಾಡೂ ಇದರಲ್ಲೇ ಇದೆ” ಎಂದಳು. “ಎಲ್ಲಾ ಇದ್ದರೆ ಅದು ಗೋಡೌನಮ್ಮ” ಎಂದರು ಮಾವ. ಕಾಂಪೌಂಡಿನ ಆಚೆಯಿಂದ ರಾಯರು ತಲೆಯಾಡಿಸಿದರು.

ಒಂಬತ್ತರ ತನಕ ಹೇಗೋ ಸಾಗುತ್ತದೆ. ಹತ್ತನೆಯ ಸಾಲಿಗೆ ಬಂದರೆ ಕಾಗದವೇ ತೆಳ್ಳಗಾಗಿದೆ. ಅಷ್ಟು ಸಲ ರಬ್ಬರ್ ಓಡಿದೆ ಅಲ್ಲಿ. ‘ನಾಗಮಂಡಲ’ ಒಂದು ಯುಗಾದಿಯಿಂದ ದೀಪಾವಳಿಯವರೆಗೆ ಇತ್ತು. ‘ಮುಂಗಾರು ಮಳೆ’ ಬಂದ ಹೊಸದರಲ್ಲಿ ಎಂಟು ದಿನ ಇದ್ದು, ಬೀದಿಯ ಪ್ರತಿ ಆಟೋದಲ್ಲೂ ಅದೇ ಕೇಳತೊಡಗಿದ ಮೇಲೆ ಹೊರಬಿತ್ತು. ಊರಿಗೆಲ್ಲ ಇಷ್ಟವಾದದ್ದು ತನಗೂ ಇಷ್ಟವಾಯಿತೆಂದರೆ ಕ್ಯಾಸೆಟ್ ಮಾವನ ಮರ್ಯಾದೆ ಏನಾಗಬೇಕು?

ಇಷ್ಟೆಲ್ಲ ಹೇಳಿ ಮಾರುತಿಯ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಮಾವನ ಹತ್ತಿರ ಒಂದು ಮಾರುತಿ 800 ಇತ್ತು. ಧರ್ಮಸ್ಥಳಕ್ಕೆ ಹೋಗುವಾಗ, ಹಾಸನ ದಾಟಿದ ಮೇಲೆ, ಹಿಂದಿನ ಸೀಟಿನಿಂದ ಕೈ ಚಾಚಿ ಅದರ ಸ್ಟೀರಿಯೋಗೆ ‘ಪ್ರೇಮಲೋಕ’ ತುರುಕಿದವನು ನಾನೇ. ಹಂಸಲೇಖ ಅವರ 1987ರ ಆ ಕ್ಯಾಸೆಟ್ ಆಗ ಹುಡುಗರಾದ ನಮಗೆ ವೇದ, ಮಾವನಿಗೆ ಬೈಕಿನ ಗಲಾಟೆ. ಸಕಲೇಶಪುರದಲ್ಲಿ ಕಾಫಿಗೆ ನಿಲ್ಲಿಸಿ ತೆಗೆಯಹೋದರೆ ಬರಲಿಲ್ಲ. ಚಾಕು, ಹೇರ್‌ಪಿನ್ನು, ಶಿರಾಡಿ ಘಾಟಿಯಲ್ಲಿ ಸಿಕ್ಕ ಒಬ್ಬ ಲಾರಿ ಡ್ರೈವರಿನ ಸ್ಕ್ರೂಡ್ರೈವರು, ಯಾವುದಕ್ಕೂ ಜಗ್ಗಲಿಲ್ಲ. ಆಟೋ ರಿವರ್ಸ್ ಇದ್ದ ಸ್ಟೀರಿಯೋ. ಒಂದು ಕಡೆ ಮುಗಿದರೆ ತಾನೇ ಇನ್ನೊಂದು ಕಡೆ ಶುರು. ಕಾರು ಮಾರುವವರೆಗೂ ಆ ಕಾರಿನಲ್ಲಿ ಬೇರೆ ಹಾಡು ಕೇಳಲಿಲ್ಲ. ಹೆಣ್ಣು ನೋಡಲು ಹೋದದ್ದು, ತಾತನ ತಿಥಿಗೆ ಪುರೋಹಿತರನ್ನು ಕರೆತಂದದ್ದು, ಎಲ್ಲವೂ ‘ಪ್ರೇಮಲೋಕ’ದ ಜೊತೆಗೇ.

ಬಿಸಿಲಿಗೆ ಟೇಪು ಎಳೆದುಕೊಂಡು ಒಂದು ಕಡೆ ಹಾಡುವವಳ ದನಿ ಬಾವಿಯೊಳಗಿಂದ ಬಂದ ಹಾಗೆ ಕುಸಿದು ಮೇಲೇಳುತ್ತಿತ್ತು. ಹೋದ ವರ್ಷ ಒಂದು ಆರತಕ್ಷತೆಯಲ್ಲಿ ಅದೇ ಹಾಡು ಹಾಕಿದರು, ನೀಟಾಗಿ, ಒಂದಿಷ್ಟೂ ಕುಸಿಯದೆ. ಮಾವ ತಟ್ಟನೆ ತಲೆಯೆತ್ತಿ, “ತಪ್ಪು. ಇಲ್ಲಿ ದನಿ ಇಳೀಬೇಕಿತ್ತು” ಎಂದರು. ಆ ಹಾಡು ಮುಗಿಯುವ ಮೊದಲೇ ಮುಂದಿನ ಹಾಡಿನ ತಾಳ ಅವರ ಬೆರಳಿನಲ್ಲಿ ಶುರುವಾಗಿತ್ತು. ಸಾಂಬಾರ್ ಬಡಿಸುತ್ತಿದ್ದ ಹುಡುಗ ಬೇಡವೆನ್ನುತ್ತಿದ್ದಾರೆಂದು ತಿಳಿದು ಮುಂದಕ್ಕೆ ಹೋದ.

ಆ ದಸರಾ ರಾತ್ರಿ ಮಗಳು ಹತ್ತನೆಯದು ಯಾವುದೆಂದು ಹಟ ಹಿಡಿದಾಗ ನಾನೇ ಬಾಯಿ ಹಾಕಿದೆ. “ಮಾವ, ಜಾಸ್ತಿ ಸಲ ಕೇಳಿರೋದನ್ನೇ ಬರೀಬೇಕು ಅಂದ್ರೆ...”

“ಅದು ಸಿಕ್ಕಾಕ್ಕೊಂಡಿತ್ತು ಕಣೋ. ಕೇಳಿದ್ದಲ್ಲ, ಕೇಳಿಸಿದ್ದು.”

“ಯಾಕ್ರೀ,” ಅತ್ತೆ ಮದುವೆ ಆಲ್ಬಮ್ಮಿನಿಂದ ತಲೆಯೆತ್ತದೆ ಕೇಳಿದರು, “ಆ ಸ್ಟೀರಿಯೋಗೆ ಆಫ್ ಮಾಡೋ ಗುಂಡಿ ಇರಲಿಲ್ವಾ?”

ಮಾವ ಸ್ವಲ್ಪ ಹೊತ್ತು ಬಲ್ಬಿನ ಕಡೆ ನೋಡಿದರು. “ಟೇಪು ಒಂದೇ ಕಡೆ ನಿಂತುಬಿಟ್ರೆ ಹೆಡ್ಡಿಗೆ ಅಂಟ್ಕೊಳ್ಳುತ್ತೆ. ಓಡ್ತಾ ಇರಬೇಕು.”

“ಬರ್ಕೊಳ್ಳಿ ಹಾಗಾದ್ರೆ. ಪೆನ್ನಲ್ಲೇ ಬರ್ಕೊಳ್ಳಿ.”

“ಪೆನ್ನಿಲ್ಲ ಕಣೆ.”

ಅತ್ತೆ ಎದ್ದು ಬಂದು, ಅವರ ಅಂಗಿಯ ಜೇಬಿನಿಂದಲೇ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಡೈರಿಯ ಮೇಲಿಟ್ಟು, ಸಾರು ಬಿಸಿ ಮಾಡಲು ಒಳಗೆ ಹೋದರು.