ಓಟಿಲ್ಲದವನ ಓಟ

ಜುಲೈನಲ್ಲಿ ಟೋಕಿಯೋದ ಸೂರ್ಯ ನಾಲ್ಕೂಮುಕ್ಕಾಲಿಗೆಲ್ಲ ಹಾಜರು. ನಾನಲ್ಲ. ಆದರೂ 2025ರ ಜುಲೈ 20, ಭಾನುವಾರ, ಜಪಾನಿನ ಮೇಲ್ಮನೆ ಚುನಾವಣೆಯ ದಿನ ಬೆಳಗಿನ ಜಾವದಲ್ಲೇ ಎದ್ದು ಶೂ ಹುಡುಕುತ್ತಿದ್ದೆ. ಹೆಂಡತಿ ಗಾಬರಿಯಿಂದ ಎದ್ದು ಕೂತಳು.

"ಯಾರಿಗೇನಾಯ್ತು?"

"ಏನಿಲ್ಲ. ಪಕ್ಕದ ಮನೆ ಮೇಷ್ಟ್ರ ಜೊತೆ ಓಡ್ಕೊಂಡು ಹೋಗಿ ಓಟು ಹಾಕಿಸ್ಕೊಂಡು ಬರ್ತೀನಿ."

"ನಿಮಗೆಲ್ಲಿದೇರಿ ಇಲ್ಲಿ ಓಟು?"

"ಓಟು ಅವರದು, ಓಟ ಇಬ್ಬರದೂ."

ಅವಳು ಮುಸುಕೆಳೆದುಕೊಂಡಳು. ನನ್ನ ಹಾಸ್ಯಕ್ಕೆ ಮನೆಯಲ್ಲಿ ಸಿಗುವ ಅತ್ಯುನ್ನತ ಪುರಸ್ಕಾರ ಅದು.

ನಾವಿರುವುದು ಭಾರತೀಯರೇ ತುಂಬಿರುವ ನಿಶಿ ಕಾಸಾಯ್‌ನಲ್ಲಿ. ಮೇಷ್ಟ್ರು ಎಪ್ಪತ್ತು ದಾಟಿದ ನಿವೃತ್ತರು, ದಿನಾ ಅರಾಕಾವಾ ನದಿಯ ದಂಡೆ ಮೇಲೆ ಓಡುವವರು. ಅವರಿಗೊಂದು ಆಸೆಯಿತ್ತು. ಇಲ್ಲಿ ಮತಗಟ್ಟೆ ತೆರೆಯುವುದು ಏಳಕ್ಕೆ. ಮೊದಲು ಬಂದ ಮತದಾರನಿಗೆ ಪೆಟ್ಟಿಗೆಯ ಒಳಗನ್ನು ತೋರಿಸಿ, ಖಾಲಿ ಇದೆ ಎಂದು ಅವನು ಒಪ್ಪಿದ ಮೇಲೆಯೇ ಬೀಗ ಹಾಕುತ್ತಾರೆ. ನಮ್ಮಲ್ಲಿ ಅಣಕು ಮತದಾನ ನೋಡುವ ಭಾಗ್ಯ ಪಕ್ಷದ ಏಜೆಂಟರಿಗೆ. ಇಲ್ಲಿ ಆ ಮರ್ಯಾದೆ ಬೇಗ ಎದ್ದವನಿಗೆ. ಇದಕ್ಕೆಂದೇ ನಸುಕಿನಲ್ಲಿ ಬಂದು ಬಾಗಿಲು ಕಾಯುವ ಉತ್ಸಾಹಿಗಳಿದ್ದಾರೆ. ಮೇಷ್ಟ್ರಿಗೂ ಒಮ್ಮೆ ಆ ಪೆಟ್ಟಿಗೆಯೊಳಗೆ ಇಣುಕಬೇಕಿತ್ತು.

ಹೊರಟಾಗ ನಾನೇ ಮುಂದಿದ್ದೆ. ಮನೆಯ ಬಾಲ್ಕನಿ ಕಣ್ಮರೆಯಾದದ್ದೇ ನನ್ನ ಹೊಟ್ಟೆ ಮತ್ತು ನಾನು ಬೇರೆ ಬೇರೆ ತಾಳದಲ್ಲಿ ಓಡತೊಡಗಿದೆವು. ಒಂದೂ ಕಾರಿಲ್ಲದ ರಸ್ತೆಯಲ್ಲಿ ಮೇಷ್ಟ್ರು ಕೆಂಪು ದೀಪಕ್ಕೆ ನಿಷ್ಠೆಯಿಂದ ನಿಲ್ಲುತ್ತಿದ್ದರು. ಜಪಾನಿನ ಶಿಸ್ತನ್ನು ನಾನು ಅಷ್ಟು ಮನಸಾರೆ ಎಂದೂ ಹೊಗಳಿರಲಿಲ್ಲ. ಆಮೇಲೆ ದೇವರು ಕಳಿಸಿದಂತೆ ಪೋಸ್ಟರ್ ಹಲಗೆ ಸಿಕ್ಕಿತು. ಪ್ರತಿ ಅಭ್ಯರ್ಥಿಗೂ ನಂಬರು ಹಾಕಿದ ಒಂದು ಚೌಕ, ಅದರೊಳಗೆ ಒಂದು ಮುಖ. ಒಂದೊಂದು ಮುಖದ ಮುಂದೆಯೂ ನಿಂತು ನಿಧಾನವಾಗಿ ಅಧ್ಯಯನ ಮಾಡಿದೆ. ಪ್ರಜಾಪ್ರಭುತ್ವದಲ್ಲಿ ನನಗಿರುವ ಶ್ರದ್ಧೆ ಕಂಡು ಮೇಷ್ಟ್ರಿಗೆ ಸಂತೋಷವಾಯಿತು. ನಾನು ಉಸಿರಾಡುತ್ತಿದ್ದೆ, ಅಷ್ಟೆ.

ಮತಗಟ್ಟೆಯಾಗಿದ್ದ ಶಾಲೆಯ ಗೇಟಿನಲ್ಲಿ ಅವರು ಬೆವರೊರೆಸಿ, ಟೋಪಿ ತೆಗೆದು, ತಲೆ ಬಾಚಿಕೊಳ್ಳಲು ನಿಂತರು. ನಾನು ನೆರಳು ಹುಡುಕಿ ಸೀದಾ ಬಾಗಿಲ ಮುಂದೆ ಕುಸಿದೆ. ಯಾರೂ ಇರಲಿಲ್ಲ. ಏಳಕ್ಕೆ ಸ್ವಲ್ಪ ಮುಂಚೆ ಸಿಬ್ಬಂದಿಯೊಬ್ಬರು ಹೊರಬಂದು ನನಗೆ ಬಗ್ಗಿ ನಮಸ್ಕರಿಸಿ, ನೀವೇ ಮೊದಲನೆಯವರು, ಮತದಾರರ ಚೀಟಿ ಕೊಡಿ ಎಂದರು. ನನ್ನ ಜೇಬಿನಲ್ಲಿದ್ದದ್ದು ವಿದೇಶಿಯರ ನಿವಾಸ ಕಾರ್ಡು. ಸ್ಕೂಲ್ ಡೇ ಓಟದಲ್ಲಿ ಬಹುಮಾನ ವಿತರಣೆ ಮುಗಿದ ಮೇಲೆ ಗುರಿ ಮುಟ್ಟುತ್ತಿದ್ದವನು ನಾನು. ಕೊನೆಗೂ ಮೊದಲು ಬಂದೆ, ಬಂದ ಕೂಡಲೇ ಅನರ್ಹನಾದೆ. ಅವರು ಇನ್ನೂ ಒಂದೆರಡು ಸಲ ಬಗ್ಗಿ ನನ್ನನ್ನು ಪಕ್ಕಕ್ಕೆ ಸರಿಸಿದರು.

ಮೇಷ್ಟ್ರು ಒಳಹೋದರು. ಅವರ ಹಿಂದೆ ಅಪ್ಪನ ಕೈ ಹಿಡಿದ ಪುಟ್ಟ ಹುಡುಗಿಯೂ ಹೋದಳು. 2016ರಿಂದ 18 ತುಂಬದ ಮಕ್ಕಳು ದೊಡ್ಡವರ ಜೊತೆ ಒಳಗೆ ಹೋಗಬಹುದು. ನನ್ನ ಬುದ್ಧಿಯ ವಯಸ್ಸಿನ ಬಗ್ಗೆ ಹೆಂಡತಿ ಹೇಳುವುದನ್ನು ಚುನಾವಣಾಧಿಕಾರಿ ಒಪ್ಪಿದ್ದರೆ ನನಗೂ ಅವಕಾಶವಿತ್ತು.

ನನಗೆ ಓಟೇ ಇಲ್ಲವೆಂದಲ್ಲ. ಅದು ಮೈಸೂರಿನಲ್ಲಿದೆ. ಪರದೇಶದಲ್ಲಿರುವ ಜಪಾನಿಗರು ರಾಯಭಾರ ಕಚೇರಿಯಲ್ಲೋ ಅಂಚೆಯಲ್ಲೋ ಮತ ಹಾಕಬಹುದು. ನಮಗೆ 2010ರ ತಿದ್ದುಪಡಿ ಹಕ್ಕು ಕೊಟ್ಟರೂ ಪಾಸ್‌ಪೋರ್ಟ್ ಹಿಡಿದು ನಮ್ಮೂರ ಮತಗಟ್ಟೆಗೇ ಹೋಗಬೇಕು. ನನ್ನ ವೇಗ ನಿಮಗೀಗ ಗೊತ್ತಾಗಿದೆ.

ಹೊರಬಂದ ಮೇಷ್ಟ್ರ ಮುಖ ಬೆಳಗುತ್ತಿತ್ತು. ಪೆನ್ಸಿಲಿನಲ್ಲಿ ಅಭ್ಯರ್ಥಿಯ ಹೆಸರನ್ನು ಕೈಯಾರೆ ಬರೆದರಂತೆ. ಮಡಿಸಿ ಹಾಕಿದರೂ ಪೆಟ್ಟಿಗೆಯೊಳಗೆ ತಾನೇ ಬಿಚ್ಚಿಕೊಳ್ಳುವಂಥ ಪ್ಲಾಸ್ಟಿಕ್ ಜಾತಿಯ ಕಾಗದ ಅದು. ನಾನು ಅವರ ಎಡಗೈ ಹಿಡಿದು ತೋರುಬೆರಳು ನೋಡಿದೆ. ಬೋಳು! ಶಾಯಿಯ ಗುರುತೇ ಇಲ್ಲ. 1962ರಿಂದ ದೇಶದ ಬೆರಳಿಗೆಲ್ಲ ಶಾಯಿ ಒದಗಿಸುತ್ತಿರುವ ಮೈಸೂರು ಪೇಂಟ್ಸ್ ಕಾರ್ಖಾನೆಯ ಊರಿನವನು ನಾನು. ಎಷ್ಟು ತಿಕ್ಕಿದರೂ ಹೋಗುವುದಿಲ್ಲ ಗೊತ್ತೇ ಎಂದು, ನಾನೇ ಅರೆದು ಮಾಡಿದವನಂತೆ ದಾರಿಯುದ್ದಕ್ಕೂ ಕೊಚ್ಚಿಕೊಂಡೆ. ನಡೆದು ಬರುವುದಕ್ಕೆ ಅದೇ ನೆಪವಾಯಿತು.

"ಅಂತೂ ಪೆಟ್ಟಿಗೆಯೊಳಗೆ ಏನಿತ್ತಂತೆ?" ಹೆಂಡತಿ ಕೇಳಿದಳು.

"ಏನೂ ಇರಲಿಲ್ಲವಂತೆ!" ಎಂದೆ, ಹೆಮ್ಮೆಯಿಂದ.

"ಖಾಲಿ ಡಬ್ಬ ನೋಡೋಕೆ ಅಷ್ಟು ದೂರ ಓಡಿದ್ರಾ? ಅಡುಗೆಮನೇಲಿ ಕಾಫಿಪುಡಿ ಡಬ್ಬ ಮೊನ್ನೆಯಿಂದ ಹಾಗೇ ಇದೆ." ಕೈಗೆ ಚೀಲ ಕೊಟ್ಟಳು. "ಇಂಡಿಯನ್ ಅಂಗಡಿ ಬಾಗಿಲಲ್ಲೂ ನೀವೇ ಮೊದಲು ನಿಂತ್ಕೊಳ್ಳಿ. ಅಲ್ಲಿ ಚೀಟಿ ಕೇಳಲ್ಲ."