ಹಿತ್ತಾಳೆ ಕಿವಿಗೆ ಚಿನ್ನದ ಪಿನ್ನು

ಇಯರ್‌ಫೋನ್ ಕೊಳ್ಳಲು ಒಂದೂವರೆ ಸಾವಿರ ರೂಪಾಯಿ ಮಂಜೂರು ಮಾಡಬೇಕೆಂದು ಮನೆಯಲ್ಲಿ ಅರ್ಜಿ ಹಾಕಿಕೊಂಡೆ. ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಹೆಂಡತಿ ತಲೆ ಎತ್ತದೆ ಕೇಳಿದಳು: "ರೀ, ದೇವರು ಕೊಟ್ಟ ಎರಡು ಕಿವೀಲೇ ನಾನು ಹೇಳಿದ್ದು ಒಂದೂ ಕೇಳಿಸಲ್ಲ. ಅದರೊಳಗೆ ಇನ್ನೆರಡು ತುರುಕ್ಕೊಂಡು ಏನು ಕೇಳಿಸ್ಕೋಬೇಕು ನಿಮಗೆ?" ಪ್ರಶ್ನೆ ನ್ಯಾಯವಾದದ್ದೇ. ನನ್ನಲ್ಲಿ ಉತ್ತರವೂ ಇತ್ತು, ಆದರೆ ಬಾಯಿಬಿಟ್ಟು ಹೇಳುವಂಥದ್ದಲ್ಲ. "ಬೆಳಗ್ಗೆ ವಾಕಿಂಗ್‌ನಲ್ಲಿ ಪ್ರದೇಶ ಸಮಾಚಾರ ಕೇಳೋದಕ್ಕೆ" ಎಂದೆ. ಹಣ ಮಂಜೂರಾಯಿತು.

ವ್ಯಾಪಾರದಲ್ಲಿ ನಮ್ಮ ಜನ ದಡ್ಡರೇನಲ್ಲ. ಗಾಂಧಿ ಬಜಾರಿನಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡುತ್ತೇವೆ. ಕಲ್ಲಂಗಡಿ ಹಣ್ಣನ್ನು ತಟ್ಟಿ ಸದ್ದು ಕೇಳುತ್ತೇವೆ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ನೀರಿದೆಯೇ ಇಲ್ಲವೇ ಎಂದು ವೈದ್ಯರಂತೆ ಕಣ್ಣು ಮುಚ್ಚಿ ನಿರ್ಧರಿಸುತ್ತೇವೆ. ಹೀಗೆ ಕಾಯಿಗೂ ಹಣ್ಣಿಗೂ ಕಿವಿ ಕೊಡುವ ನಾವು, ಕಿವಿಗೆಂದೇ ಕೊಳ್ಳುವ ಒಂದೇ ಒಂದು ಪದಾರ್ಥವನ್ನು ಮಾತ್ರ ಕಣ್ಣಿನಿಂದ ನೋಡಿ ಕೊಳ್ಳುತ್ತೇವೆ.

1910ರಲ್ಲಿ ಅಮೆರಿಕದ ಯೂಟಾದಲ್ಲಿ ನಥಾನಿಯಲ್ ಬಾಲ್ಡ್‌ವಿನ್ ಎಂಬಾತ ತನ್ನ ಅಡುಗೆಮನೆಯಲ್ಲಿ ಕೂತು ಹೆಡ್‌ಫೋನ್ ಕಟ್ಟಿ ಅಲ್ಲಿನ ನೌಕಾಪಡೆಗೆ ಕಳಿಸಿದ. ಅವರು ಅದನ್ನು ಪರೀಕ್ಷೆ ಮಾಡಿ ನೋಡಿ, ಚೆನ್ನಾಗಿದೆ ಅನ್ನಿಸಿದ ಮೇಲೆ ಇನ್ನಷ್ಟು ಬೇಕು ಎಂದರು. ಯುದ್ಧನೌಕೆಯವರಿಗಿದ್ದ ಈ ಸೌಲಭ್ಯ ಬಿಎಂಟಿಸಿ ಪಾಸಿನವನಿಗೆ ಇಲ್ಲ. ಎಸ್.ಪಿ. ರಸ್ತೆಯ ಅಂಗಡಿಯಲ್ಲಿ "ಒಂದ್ಸಲ ಹಾಕ್ಕೊಂಡು ನೋಡ್ಲಾ?" ಎಂದು ಕೇಳಿದೆ. ಹಲ್ಲುಜ್ಜುವ ಬ್ರಷ್ಷನ್ನು ಉಜ್ಜಿ ನೋಡಿ ತಗೊಳ್ತೀನಿ ಅಂದವನನ್ನು ನೋಡುವಂತೆ ಹುಡುಗ ನನ್ನನ್ನು ನೋಡಿದ. "ಸೀಲ್ ಒಡೆದ್ರೆ ತಗೊಳ್ಳೇಬೇಕು ಸಾರ್. ಬೇಕಾದ್ರೆ ಡಬ್ಬಿ ಓದ್ಕೊಳ್ಳಿ."

ಓದಿಕೊಂಡೆ. ಗರಿಷ್ಠ ಮಾರಾಟ ಬೆಲೆ ₹4,999. ಅದರ ಪಕ್ಕದಲ್ಲೇ ಅಂಗಡಿಯವನ ಸ್ಟಿಕ್ಕರ್: ₹1,199. ಅಂದರೆ ಶೇಕಡಾ 76 ರಿಯಾಯಿತಿ. ಮುದ್ರಿಸಿದ್ದಕ್ಕಿಂತ ಹೆಚ್ಚಿಗೆ ಮಾರಕೂಡದು ಎಂದು ಕಾನೂನು ನಮ್ಮನ್ನು ಕಾಪಾಡುತ್ತದೆ. ಎಷ್ಟು ಮುದ್ರಿಸಬೇಕು ಎಂಬುದನ್ನು ಮಾತ್ರ ಮುದ್ರಿಸುವವನ ಆತ್ಮಸಾಕ್ಷಿಗೆ ಬಿಟ್ಟಿದೆ. ಇದನ್ನು ₹4,999 ಕೊಟ್ಟು ಕೊಂಡ ಮನುಷ್ಯ ಭೂಮಿಯ ಮೇಲೆ ಹುಟ್ಟಿರಲಾರ. ಗಂಡಿನ ಸಂಬಳ ಹೇಳುವ ಮದುವೆ ದಲ್ಲಾಳಿ ಕೂಡ ನಾಲ್ಕು ಪಟ್ಟು ಏರಿಸಲು ನಾಚಿಕೊಳ್ಳುತ್ತಾನೆ. ಆದರೂ ಮನಸ್ಸು ಒಳಗೊಳಗೇ ಲೆಕ್ಕ ಹಾಕಿತು: 3,800 ರೂಪಾಯಿ ಉಳಿತಾಯ! ನನ್ನ ಹತ್ತಿರ ಇಲ್ಲವೇ ಇಲ್ಲದ 3,800 ರೂಪಾಯಿಯನ್ನು ಉಳಿಸಿದ ಸಂತೋಷ ನನಗೆ ಅವತ್ತು ಪೂರ್ತಿ ಇತ್ತು.

ಜೊತೆಗೆ ಅಣ್ಣನ ಮಗನನ್ನು ಕರೆದುಕೊಂಡು ಹೋಗಿದ್ದೆ. ಈ ವಿಷಯದಲ್ಲಿ ಅವನು ನಮ್ಮ ವಂಶದ ಪಂಡಿತ. "ಚಿಕ್ಕಪ್ಪ, ಡ್ರೈವರ್ ಎಷ್ಟು ಎಂಎಂದು ಬೇಕು ನಿಮಗೆ?" ಎಂದ. "ಡ್ರೈವರ್ ಯಾಕಪ್ಪ, ವಾಕಿಂಗ್‌ಗೆ ನಡಕೊಂಡೇ ಹೋಗ್ತೀನಿ" ಎಂದೆ. ಅವನು ಮರುಕದಿಂದ ವಿವರಿಸಿದ. ಒಳಗೆ ಅದುರಿ ಸದ್ದು ಹುಟ್ಟಿಸುವ ಸಣ್ಣ ಯಂತ್ರಕ್ಕೆ ಡ್ರೈವರ್ ಎನ್ನುತ್ತಾರಂತೆ. ಒಂದು ಡಬ್ಬಿಯಲ್ಲಿ ಅದು 10 ಮಿಲಿಮೀಟರ್, ಇನ್ನೊಂದರಲ್ಲಿ 13. ದೊಡ್ಡದಿದ್ದಷ್ಟೂ ಒಳ್ಳೆಯದು ಎಂದು ಡಬ್ಬಿಯ ಅಭಿಪ್ರಾಯ. ಬಾಯಿ ದೊಡ್ಡದಿದ್ದವರೆಲ್ಲ ಹಾಡುಗಾರರಾಗಿದ್ದರೆ ನಮ್ಮ ವಿಧಾನಸಭೆಯಲ್ಲಿ ದಿನಾ ಕಛೇರಿ ನಡೆಯಬೇಕಿತ್ತು.

ಇನ್ನೊಂದು ಡಬ್ಬಿಯ ಮೇಲೆ ಚಿನ್ನದ ಬಣ್ಣದ ಮುದ್ರೆ: ಹೈ-ರೆಸ್. 40,000 ಹರ್ಟ್ಸ್‌ವರೆಗಿನ ಸದ್ದು ಹೊರಡಿಸುತ್ತದಂತೆ. ಮನುಷ್ಯನ ಕಿವಿಗೆ ಎಷ್ಟೇ ಎಳೆ ವಯಸ್ಸಿನಲ್ಲೂ ಕೇಳಿಸುವುದು 20,000ದವರೆಗೆ. ಐವತ್ತು ದಾಟಿದ ನನ್ನಂಥವನಿಗೆ ಹನ್ನೆರಡು ಹದಿಮೂರು ಸಾವಿರ ದಾಟಿದರೆ ಎಲ್ಲವೂ ಮೌನವ್ರತವೇ. ಉಳಿದ ಇಪ್ಪತ್ತೇಳು ಸಾವಿರ ಹರ್ಟ್ಸ್ ಯಾರಿಗಾಗಿ? ನಾಯಿಗಳಿಗೆ ಅದು ಕೇಳಿಸುತ್ತದೆ. ನಮ್ಮ ಬೀದಿಯ ಕರಿಯನಿಗೆ ಇದನ್ನು ಕೊಡಿಸುವ ಮನಸ್ಸೇನೋ ಬಂತು. ಆದರೆ ಅವನು ಡಬ್ಬಿ ಓದುವವನಲ್ಲ, ಹಾಗಾಗಿ ಅವನಿಗೆ ಮಾರುವುದು ಕಷ್ಟ.

ನಿಜವಾಗಿ ನನ್ನ ಕಣ್ಣು ಕಟ್ಟಿಹಾಕಿದ್ದು ಬೇರೆ ಮಾತು: ನಾಯ್ಸ್ ಕ್ಯಾನ್ಸಲೇಶನ್. ಸದ್ದನ್ನು ರದ್ದು ಮಾಡುವುದು! ಹೆಂಡತಿಗೆ ಹೇಳದೆ ನುಂಗಿಕೊಂಡ ಉತ್ತರ ಇದೇ. ಕೇಳುವುದಕ್ಕೆ ಇಯರ್‌ಫೋನ್ ಯಾರಿಗೆ ಬೇಕು ಸ್ವಾಮಿ? ಕೇಳದಿರುವುದಕ್ಕೆ ಬೇಕು. ಪಕ್ಕದ ಸೈಟಿನಲ್ಲಿ ಗ್ರಾನೈಟು ಕೊಯ್ಯುವುದು, ಕಸದ ಆಟೊದ ಹಾಡು, ಬಸ್ಸಿನಲ್ಲಿ ಪಕ್ಕದವನ ಮೊಬೈಲಿನ ರೀಲು. ಬಸ್ಸಿನಲ್ಲಿ ಸ್ಪೀಕರ್ ಹಾಕಿಕೊಂಡು ಹಾಡು, ವಿಡಿಯೊ ಕೇಳಿಸುವುದಕ್ಕೆ 2021ರಲ್ಲೇ ಕರ್ನಾಟಕ ಹೈಕೋರ್ಟು ಕಡಿವಾಣ ಹಾಕಿದೆ. ಆ ಆದೇಶದ ಸುದ್ದಿಯನ್ನು ನಾನು ಕೇಳಿದ್ದು ಬಸ್ಸಿನಲ್ಲೇ, ಪಕ್ಕದವನ ಸ್ಪೀಕರಿನಿಂದ. ನಮ್ಮ ಸದ್ದು ಬೇರೆಯವರಿಗೆ ತೊಂದರೆಯಾಗದಿರಲಿ ಎಂದು ಕೊಳ್ಳಬೇಕಾದ ವಸ್ತುವನ್ನು, ಅದನ್ನು ಕೊಳ್ಳದವರ ಕಾಟಕ್ಕೆ ನಾವು ಕೊಳ್ಳುತ್ತಿದ್ದೇವೆ. ದಂಡ ಕಟ್ಟುವವನು ಯಾವಾಗಲೂ ತಪ್ಪು ಮಾಡದವನೇ.

ಸದ್ದನ್ನು ರದ್ದು ಮಾಡುವ ಈ ವಿದ್ಯೆಯ ಹಿಂದೆ ನಮ್ಮವರ ರಕ್ತವೂ ಇದೆ. ಸ್ವಾತಂತ್ರ್ಯ ಹೋರಾಟದಲ್ಲಿದ್ದು ಅಮೆರಿಕಕ್ಕೆ ಹೋಗಿ ನೆಲೆಸಿದ ಬಂಗಾಳಿಯೊಬ್ಬರ ಮಗ ಅಮರ್ ಬೋಸ್, 1978ರಲ್ಲಿ ವಿಮಾನದಲ್ಲಿ ಹೋಗುವಾಗ ಎಂಜಿನ್ನಿನ ಗದ್ದಲದಲ್ಲಿ ಹೆಡ್‌ಫೋನಿನ ಹಾಡು ಕೇಳಿಸದೆ ಬೇಸತ್ತು ಅಲ್ಲೇ ಲೆಕ್ಕ ಹಾಕಲು ಕೂತರು. ಬರುವ ಸದ್ದಿನ ಅಲೆಗೆ ಸರಿಯಾಗಿ ತಲೆಕೆಳಗಾದ ಇನ್ನೊಂದು ಅಲೆಯನ್ನು ಹುಟ್ಟಿಸಿದರೆ ಎರಡೂ ಹೊಡೆದುಕೊಂಡು ಸಾಯುತ್ತವೆ ಎಂಬುದು ಉಪಾಯ. ನಮ್ಮ ಸಮ್ಮಿಶ್ರ ಸರ್ಕಾರಗಳ ಹಾಗೆ. ಆದರೆ ಈ ಉಪಾಯ ಚೆನ್ನಾಗಿ ನಡೆಯುವುದು ವಿಮಾನದ ಎಂಜಿನ್ನಿನಂಥ ಒಂದೇ ಸಮನೆ ಬರುವ ತಗ್ಗು ಸದ್ದಿನ ಮೇಲೆ. ಥಟ್ಟನೆ ಬರುವ ಹಾರ್ನು, ಕುಕ್ಕರಿನ ವಿಶಲ್ಲು, ಮನುಷ್ಯರ ಮಾತು ಇದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. ಸಿಲ್ಕ್ ಬೋರ್ಡಿನಲ್ಲಿ ನಿಂತರೆ ಬಸ್ಸಿನ ಗುಂಯ್‌ಗುಡುವಿಕೆ ಅಡಗಿ, ಅದರ ಹಿಂದಿನ ಹಾರ್ನುಗಳು ಒಂದೊಂದಾಗಿ ಬಿಡಿಸಿಟ್ಟಂತೆ ಕೇಳುತ್ತವೆ.

ಇದಾದರೂ ಡಬ್ಬಿಗಳ ಮೇಲೆ ಎಎನ್‌ಸಿ ಎಂದು ಬರೆಯುವ ವಿದ್ಯೆಯ ಕತೆ. ನಾನು ಕೊಂಡ ಡಬ್ಬಿಯ ಮೇಲೆ ಇದ್ದದ್ದು ಇಎನ್‌ಸಿ. ಒಂದಕ್ಷರ ಆಚೀಚೆ. ಒಂದಕ್ಷರದಲ್ಲಿ ಏನು ಮಹಾ ಎಂದು ದುಡ್ಡು ಎಣಿಸಿಕೊಟ್ಟೆ. ಎರಡು ದಿನವಾದರೂ ಒಂದು ಹಾರ್ನೂ ರದ್ದಾಗದಿದ್ದಾಗ ಅಣ್ಣನ ಮಗನಿಗೆ ಫೋನು ಮಾಡಿದೆ. "ಚಿಕ್ಕಪ್ಪ, ಇಎನ್‌ಸಿ ಇರೋದು ಮೈಕಿಗೆ. ನೀವು ಫೋನಲ್ಲಿ ಮಾತಾಡೋವಾಗ ನಿಮ್ಮ ಸುತ್ತಲಿನ ಗಲಾಟೆ ಆ ಕಡೆಯೋರಿಗೆ ಕೇಳ್ಸಲ್ಲ." ಅಂದರೆ ನಾನು ದುಡ್ಡು ಕೊಟ್ಟು ಕೊಂಡ ನೆಮ್ಮದಿ, ನನಗೆ ಫೋನು ಮಾಡುವವರದು! ದಿನಕ್ಕೆ ನಾಲ್ಕು ಸಲ ಸಾಲ ಬೇಕೇ ಎಂದು ಕೇಳುವ ಬ್ಯಾಂಕಿನ ಹುಡುಗಿ ಈಗ ನನ್ನೊಂದಿಗೆ ಲಾಲ್‌ಬಾಗಿನ ಪ್ರಶಾಂತತೆಯಲ್ಲಿ ಮಾತಾಡುತ್ತಾಳೆ. ನಾನು ಮಾತ್ರ ಟೌನ್‌ಹಾಲ್ ಸಿಗ್ನಲ್ಲಿನಲ್ಲಿ ನಿಂತಿರುತ್ತೇನೆ.

ಐವತ್ತು ಗಂಟೆ ಬ್ಯಾಟರಿ ಎಂದು ಬರೆದಿತ್ತು. ಕಿವಿಯಲ್ಲಿ ಆರು ಗಂಟೆ, ಮಿಕ್ಕಿದ್ದು ಡಬ್ಬಿಯಲ್ಲಿ. ಮನೆಯಲ್ಲಿರುವ ಅಕ್ಕಿ ಮೂಟೆಯನ್ನೂ ಸೇರಿಸಿ ಬುತ್ತಿಯ ತೂಕ ಹೇಳಿದ ಹಾಗೆ. ಇನ್ನು ಬ್ಲೂಟೂತ್. ಚದುರಿಹೋಗಿದ್ದ ಡೇನರನ್ನು ಒಂದುಗೂಡಿಸಿದ ಹತ್ತನೆಯ ಶತಮಾನದ ಹರಾಲ್ಡ್ ಎಂಬ ರಾಜನ ಅಡ್ಡಹೆಸರದು. ಆ ಪುಣ್ಯಾತ್ಮ ಒಂದು ದೇಶವನ್ನೇ ಒಂದು ಮಾಡಿದ. ಅವನ ಹೆಸರಿಟ್ಟುಕೊಂಡದ್ದಕ್ಕೆ ನನ್ನ ಎಡಗಿವಿ ಬಲಗಿವಿಗಳನ್ನು ಒಂದು ಮಾಡಲು ದಿನಾ ಮೂರು ಸಲ ಡಬ್ಬಿಗೆ ಹಾಕಿ ತೆಗೆಯಬೇಕು.

ಇಷ್ಟೆಲ್ಲ ಆದರೂ ತಪ್ಪು ನನ್ನದು ಎನ್ನುವ ಹಾಗಿಲ್ಲ. ಕೊಳ್ಳುವ ಮುಂಚೆ ಮೂರು ರಾತ್ರಿ ಕೂತು ಹತ್ತೊಂಬತ್ತು ವಿಮರ್ಶೆಯ ವಿಡಿಯೊ ನೋಡಿದ್ದೆ. ಸಾಹಿತ್ಯ ವಿಮರ್ಶಕರು ಕೂಡ ಇಷ್ಟು ಧಾರಾಳವಾಗಿ ಶಬ್ದ ಖರ್ಚು ಮಾಡುವುದಿಲ್ಲ. ಒಬ್ಬನಿಗೆ ಬಾಸ್ 'ಮುದ್ದೆಯಂತೆ ಗಟ್ಟಿ'ಯಾಗಿ ಕೇಳಿಸಿತು, ಇನ್ನೊಬ್ಬನಿಗೆ ಅದೇ ಬಾಸ್ 'ಅಂಬಲಿ'. ಮತ್ತೊಬ್ಬ, ನೂರು ಗಂಟೆ ಹಾಡು ಹಾಕಿ ಬಿಟ್ಟರೆ ಆಮೇಲೆ ಧ್ವನಿ ತಾನೇ ಅರಳುತ್ತದೆ ಎಂದ. ನೂರು ಗಂಟೆಯಲ್ಲಿ ಪಳಗುವುದು ನಮ್ಮ ಕಿವಿ. ಅಷ್ಟು ಹೊತ್ತು ಕೇಳಿದರೆ ಅತ್ತೆಯ ಗೊಣಗಾಟವೂ ರಾಗಕ್ಕೆ ಕೂರುತ್ತದೆ. ಇವರೆಲ್ಲ ತಮ್ಮ ಕಿವಿಯಲ್ಲಿ ಕೇಳಿದ್ದನ್ನು ಬಾಯಲ್ಲಿ ಹೇಳಿದರು, ಅದನ್ನು ನಾನು ಫೋನಿನ ಸ್ಪೀಕರಿನಲ್ಲಿ ಕೇಳಿ ತೀರ್ಮಾನ ಮಾಡಿದೆ. ಚಾಡಿ ನಂಬುವವರಿಗೆ ಹಿತ್ತಾಳೆ ಕಿವಿ ಎಂದು ಹೆಸರಿಟ್ಟ ಹಿರಿಯರಿಗೆ ಈ ದಿನ ಬರುತ್ತದೆಂದು ಗೊತ್ತಿತ್ತೋ ಏನೋ.

ಹನ್ನೊಂದನೆಯ ದಿನ ಟೌನ್‌ಹಾಲ್ ಹತ್ತಿರ ಬಸ್ಸಿಳಿದೆ. ಇಳಿದ ರಭಸಕ್ಕೆ ಎಡಗಿವಿಯದು ಜಾರಿ, ಫುಟ್‌ಪಾತಿನ ಎರಡು ಚಪ್ಪಡಿಗಳ ನಡುವಿನ ಸಂದಿಯಲ್ಲಿ ಅಳತೆ ಕೊಟ್ಟು ಮಾಡಿಸಿದಂತೆ ಇಳಿದುಹೋಯಿತು. ಒಂದೇ ಕಿವಿಯದು ಸಿಗುತ್ತದೆಯೇ ಎಂದು ಕಂಪನಿಗೆ ಫೋನು ಮಾಡಿದೆ. ಬಿಡಿಯಾಗಿ ಕೊಡುವುದಿಲ್ಲ, ಜೋಡಿಗೆ ರಿಯಾಯಿತಿ ಇದೆ ಎಂದರು. ಶೇಕಡಾ 76.

ಉಳಿದಿದ್ದ 301 ರೂಪಾಯಿಯಲ್ಲಿ ಬೀದಿ ತುದಿಯ ರೀಚಾರ್ಜ್ ಅಂಗಡಿಯಲ್ಲಿ ₹299ಕ್ಕೆ ತಂತಿಯ ಇಯರ್‌ಫೋನ್ ಕೊಂಡೆ. ಅದರ ಡಬ್ಬಿಯ ಮೇಲೆ 'ಚಿನ್ನದ ಲೇಪನದ ಪಿನ್ನು' ಎಂದಿತ್ತು. ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ, ಅಷ್ಟೇ ಅದರ ಗುಣ. ಧ್ವನಿಗೂ ಅದಕ್ಕೂ ಸಂಬಂಧವಿಲ್ಲ. ಹಾಗೆ ನೋಡಿದರೆ ಆ ಚಿನ್ನ ಚುಚ್ಚಲು ನನ್ನ ಫೋನಿನಲ್ಲಿ ತೂತೇ ಇಲ್ಲ. 2016ರಲ್ಲಿ ಆ್ಯಪಲ್ ಕಂಪನಿ ತನ್ನ ಐಫೋನಿನಿಂದ 3.5 ಮಿಲಿಮೀಟರಿನ ತೂತನ್ನು ತೆಗೆದುಹಾಕಿ, ವೇದಿಕೆಯ ಮೇಲೆ ನಿಂತು ಅದಕ್ಕೆ 'ಧೈರ್ಯ' ಎಂದು ಕಾರಣ ಕೊಟ್ಟಿತು. ಅದೇ ದಿನ ಅದೇ ವೇದಿಕೆಯಲ್ಲಿ 159 ಡಾಲರಿನ ತಂತಿಯಿಲ್ಲದ ಇಯರ್‌ಫೋನನ್ನೂ ತೋರಿಸಿತು. ಇನ್ನೊಬ್ಬರ ಜೇಬಿಗೆ ಹಗಲಲ್ಲೇ ಕೈಹಾಕಲು ಧೈರ್ಯ ಬೇಕೇ ಬೇಕು. ಉಳಿದ ಕಂಪನಿಗಳಿಗೂ ಒಂದೊಂದಾಗಿ ಧೈರ್ಯ ಬಂತು. ಫೋನುಗಳಲ್ಲಿ ಮುಚ್ಚಿದ ಆ ತೂತುಗಳೆಲ್ಲ ಎಲ್ಲಿಗೆ ಹೋದವು ಎಂದು ಟೌನ್‌ಹಾಲ್ ಮುಂದಿನ ಫುಟ್‌ಪಾತ್ ನೋಡಿದಾಗ ನನಗೆ ಗೊತ್ತಾಯಿತು. ಹೆಂಡತಿಯ ಹಳೆಯ ಫೋನಿನಲ್ಲಿ ತೂತು ಇನ್ನೂ ಇತ್ತು. ವಾಕಿಂಗಿಗೆ ಅದನ್ನು ಬಾಡಿಗೆಗೆ ಪಡೆದೆ. ಬಾಡಿಗೆ ಹಾಲು ತರುವುದು.

ಮೊದಲು ಕೇಳಿದಾಗ ₹299ರದ್ದು ತಗಡಿನ ಮೇಲೆ ಮಳೆ ಬಿದ್ದಂತಿತ್ತು. ಆಗ ₹1,199ರ ಡಬ್ಬಿಯ ತಳದಲ್ಲಿ, ವಾರಂಟಿ ಕಾರ್ಡಿನ ಕೆಳಗೆ, ಒಂದು ಸಣ್ಣ ಪ್ಲಾಸ್ಟಿಕ್ ಕವರು ಕಣ್ಣಿಗೆ ಬಿತ್ತು. ಒಳಗೆ ಚಿಕ್ಕದು, ದೊಡ್ಡದು ಎಂದು ಎರಡು ಜೊತೆ ರಬ್ಬರಿನಂಥ ಟೋಪಿಗಳು. ನಡುವಿನ ಅಳತೆಯದನ್ನು ಕಂಪನಿಯವರೇ ಹಾಕಿ ಕಳಿಸಿದ್ದರು. ನನ್ನ ಎಡಗಿವಿ ಬಲಗಿವಿಗಿಂತ ದೊಡ್ಡದು ಎಂಬ ಸಂಗತಿ ಐವತ್ತು ವರ್ಷದಲ್ಲಿ ನನಗೆ ಅಂದೇ ತಿಳಿದದ್ದು. ದೊಡ್ಡ ಟೋಪಿಯನ್ನು ತಂತಿಯದಕ್ಕೆ ಹೇಗೋ ಕೂರಿಸಿ ಎಡಗಿವಿಗೆ ಹಾಕಿದೆ. ತಂಬೂರಿಯ ಷಡ್ಜ ಬಂತು, ಮೃದಂಗಕ್ಕೆ ಎಡಭಾಗ ಬಂತು. ಕಿವಿಯ ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಎಂಥ ಡ್ರೈವರಿನ ಬಾಸೂ ಸೋರಿಹೋಗುತ್ತದೆ. ಮುಚ್ಚಿದರೆ ಹೊರಗಿನ ಗದ್ದಲವೂ ಅರ್ಧ ಹೊರಗೇ ನಿಲ್ಲುತ್ತದೆ. ನಾನು ನಾಯ್ಸ್ ಕ್ಯಾನ್ಸಲೇಶನ್ ಎಂದು ಊರೆಲ್ಲ ಹುಡುಕಿದ್ದು ಈ ಎರಡು ಕಾಸಿನ ಟೋಪಿಯಲ್ಲಿತ್ತು. ಮೊದಲೇ ಹಾಕಿದ್ದರೆ ಎಡಗಿವಿಯದು ಜಾರುತ್ತಲೂ ಇರಲಿಲ್ಲ. ಇಷ್ಟು ದೊಡ್ಡ ಗುಣವನ್ನು ಡಬ್ಬಿಯ ಮೇಲೆ ಯಾಕೆ ಮುದ್ರಿಸಿರಲಿಲ್ಲ ಎಂದರೆ, ಅದಕ್ಕೆ ಇಂಗ್ಲಿಷಿನಲ್ಲಿ ಮೂರಕ್ಷರದ ಹೆಸರಿಲ್ಲ.

ಅಂದಹಾಗೆ, ಒಂದೂವರೆ ಸಾವಿರ ಪೂರ್ತಿ ತಂತಿಯದಕ್ಕೇ ಹಾಕಿದ್ದರೆ ರಾಜಭೋಗವಾಗುತ್ತಿತ್ತು. ಅದರಲ್ಲಿ ದುಡ್ಡು ಧ್ವನಿಗೆ ಹೋಗುತ್ತದೆ. ತಂತಿಯಿಲ್ಲದ್ದರಲ್ಲಿ ಮೂರು ಬ್ಯಾಟರಿ, ಎರಡು ರೇಡಿಯೊ, ಮೈಕು, ಮಿಣುಕುವ ದೀಪ, ಕ್ರಿಕೆಟಿಗನ ಜಾಹೀರಾತು ಎಲ್ಲಕ್ಕೂ ಹಂಚಿ, ಚಿಲ್ಲರೆ ಉಳಿದರೆ ಧ್ವನಿಗೆ. ಎರಡು ಮೂರು ವರ್ಷದಲ್ಲಿ ಕಡಲೆಬೇಳೆ ಗಾತ್ರದ ಆ ಬ್ಯಾಟರಿ ಸೊರಗಿದರೆ ಬದಲಾಯಿಸುವಂತೆಯೂ ಇಲ್ಲ.

ಬಸ್ಸಿನ ಗದ್ದಲಕ್ಕಿಂತ ಹಾಡನ್ನು ಜೋರು ಮಾಡುವ ಹುಡುಗರಿಗೆ ವಿಶ್ವ ಆರೋಗ್ಯ ಸಂಸ್ಥೆ ಒಂದು ಲೆಕ್ಕ ಕೊಟ್ಟಿದೆ: 80 ಡೆಸಿಬಲ್ ಆದರೆ ವಾರಕ್ಕೆ 40 ಗಂಟೆ, 90 ಡೆಸಿಬಲ್ ಆದರೆ ವಾರಕ್ಕೆ 4 ಗಂಟೆ, ಅದಕ್ಕಿಂತ ಹೆಚ್ಚು ಕೇಳಬೇಡಿ. ಕಿವಿ ಹೋದೀತೆಂದು ಹೆದರಬೇಕಾಗಿಲ್ಲ, ಅದಕ್ಕೂ ವ್ಯವಸ್ಥೆಯಾಗಿದೆ. ತೂತು ಮುಚ್ಚಿದ ಅದೇ ಕಂಪನಿಯ ದುಬಾರಿ ಇಯರ್‌ಫೋನನ್ನು ಶ್ರವಣಯಂತ್ರವಾಗಿಯೂ ಬಳಸಲು 2024ರಲ್ಲಿ ಅಮೆರಿಕದ ಸರ್ಕಾರ ಒಪ್ಪಿಗೆ ಕೊಟ್ಟಿದೆ. ಒಂದೇ ಅಂಗಡಿಯಲ್ಲಿ ಜಾರುಬಂಡೆಯೂ ಮೂಳೆ ಕಟ್ಟುವವನೂ.

ಉಳಿದ ಬಲಗಿವಿಯದನ್ನು ಎಸೆಯಲು ಮನಸ್ಸಾಗದೆ ಫ್ರಿಜ್ಜಿನ ಮೇಲೆ ಇಟ್ಟಿದ್ದೆ. ಒಂದು ವಾರ ಬಿಟ್ಟು ನೋಡಿದರೆ ಅದು ಹೆಂಡತಿಯ ಕಿವಿಯಲ್ಲಿತ್ತು. ಧಾರಾವಾಹಿ ಕೇಳುತ್ತ ಚಪಾತಿ ಲಟ್ಟಿಸುತ್ತಿದ್ದಳು. ಜೋಡಿ ತರಲಾ ಎಂದು ಕೇಳಿದೆ. "ಬೇಡ ರೀ. ಒಂದು ಕಿವಿ ಸಾಕು. ಇನ್ನೊಂದು ಕುಕ್ಕರಿಗೆ ಬೇಕು" ಎಂದಳು. ಅಣ್ಣನ ಮಗ, ಹತ್ತೊಂಬತ್ತು ವಿಡಿಯೊ, ಎಸ್.ಪಿ. ರಸ್ತೆ ಯಾವುದರ ನೆರವೂ ಇಲ್ಲದೆ ತನಗೆ ಏನು ಬೇಕೆಂದು ತಿಳಿದು, ಕಾಸು ಖರ್ಚಿಲ್ಲದೆ ಪಡೆದುಕೊಂಡವಳು ನಮ್ಮ ಮನೆಯಲ್ಲಿ ಅವಳೊಬ್ಬಳೇ.

ಆದ್ದರಿಂದ ಟೌನ್‌ಹಾಲ್ ಮುಂದಿನ ಚರಂಡಿ ಎತ್ತುವಾಗ ಕಪ್ಪು ಬಣ್ಣದ, 'ಎಲ್' ಎಂದು ಬರೆದ ಸಣ್ಣ ಪದಾರ್ಥ ಯಾರಿಗಾದರೂ ಸಿಕ್ಕಿದರೆ ದಯವಿಟ್ಟು ಪತ್ರಿಕೆಯ ಕಚೇರಿಗೆ ತಂದುಕೊಡಬೇಡಿ. ನೀವೇ ಇಟ್ಟುಕೊಳ್ಳಿ. ಬಲಗಿವಿಯದು ಈಗ ನನ್ನ ವಶದಲ್ಲಿಲ್ಲ.