ಅನುದಾನದ ಕಾರ್ಯದರ್ಶಿಗಳು

ಬಡಾವಣೆಗೆ ಏನು ಬೇಕು ಎಂದು ನಮ್ಮ ಕಾರ್ಯದರ್ಶಿಗಳು ಯಾರನ್ನೂ ಕೇಳಿದವರಲ್ಲ. ಯಾವ ಹೆಡ್ಡಿನಲ್ಲಿ ದುಡ್ಡಿದೆ ಎಂಬುದಷ್ಟೇ ಅವರ ಪ್ರಶ್ನೆ. ದುಡ್ಡು ಎಲ್ಲಿದೆಯೋ ಅಲ್ಲೇ ಬಡಾವಣೆಯ ಕೊರತೆಯೂ ಪತ್ತೆಯಾಗುತ್ತದೆ. ಓಪನ್ ಜಿಮ್ಮಿಗೆ ಹಣವಿದೆ ಎಂದು ತಿಳಿದ ಮರುದಿನವೇ, ನಾವೆಲ್ಲ ವ್ಯಾಯಾಮವಿಲ್ಲದೆ ಸೊರಗಿದ್ದೇವೆಂಬ ಮನವಿ ಶಾಸಕರ ಕಚೇರಿ ಸೇರಿರುತ್ತದೆ. ಹೈಮಾಸ್ಟ್ ದೀಪಕ್ಕೆ ಮಂಜೂರಾತಿ ಸಿಗಬಹುದೆಂದು ಸುದ್ದಿಯಾದರೆ, ನಿನ್ನೆಯವರೆಗೆ ಝಗಮಗಿಸುತ್ತಿದ್ದ ಸರ್ಕಲ್ಲು ಇವರ ಪತ್ರದಲ್ಲಿ ‘ಮಹಿಳೆಯರು ಓಡಾಡಲು ಹೆದರುವ ಕಾರ್ಗತ್ತಲ ಪ್ರದೇಶ’.

ಇಂಥವರೊಬ್ಬರು ಪ್ರತಿ ಬಡಾವಣೆಯಲ್ಲೂ ಇರುತ್ತಾರೆ. ನಿವೃತ್ತರು, ಕಂಕುಳಲ್ಲಿ ರೆಕ್ಸಿನ್ ಬ್ಯಾಗು, ಅದರೊಳಗೆ ಲೆಟರ್‌ಹೆಡ್ಡು, ದುಂಡನೆಯ ಸೀಲು, ಸ್ಟ್ಯಾಂಪ್ ಪ್ಯಾಡು. ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘ ಎಂದರೆ ಹೆಚ್ಚುಕಡಿಮೆ ಆ ಬ್ಯಾಗೇ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ಸಂಘ ಕಟ್ಟಲು ಕನಿಷ್ಠ ಏಳು ಮಂದಿ ಬೇಕು. ಕಾರ್ಯದರ್ಶಿಗಳು, ಅವರ ಶ್ರೀಮತಿ, ಭಾವಮೈದುನ, ಇಸ್ತ್ರಿ ಅಂಗಡಿಯವನು, ಮಹಡಿ ಮನೆಯ ಇಬ್ಬರು ಬಾಡಿಗೆದಾರರು. ಗಣೇಶನ ಚಂದಾ ತಪ್ಪಿಸಿಕೊಂಡದ್ದಕ್ಕೆ ದಂಡವಾಗಿ ಸಹಿ ಕೊಟ್ಟ ಏಳನೆಯವನು ನಾನು.

ನಿಧಿಗಳ ವಂಶಾವಳಿ ಅವರಿಗೆ ಬಾಯಿಪಾಠ. ಸಂಸದರ ನಿಧಿ 1993ರ ಡಿಸೆಂಬರಿನಲ್ಲಿ ಹುಟ್ಟಿದಾಗ ಒಬ್ಬರಿಗೆ ಬರೀ 5 ಲಕ್ಷ ಇತ್ತು, 2011-12ರಿಂದ ವರ್ಷಕ್ಕೆ 5 ಕೋಟಿ ಆಯಿತು, ನಮ್ಮ ಶಾಸಕರದು 2 ಕೋಟಿ ಎಂದು ಮೊಮ್ಮಕ್ಕಳ ತೂಕ ಹೇಳಿದಂತೆ ಹೇಳುತ್ತಾರೆ. ಎಂಪಿಯವರದು ಶಿಫಾರಸು ಮಾತ್ರ, ಮಂಜೂರು ಮಾಡುವುದು ಜಿಲ್ಲಾಡಳಿತ ಎಂಬ ಸೂಕ್ಷ್ಮವನ್ನೂ ಬಿಡುವುದಿಲ್ಲ. 2020ರ ಏಪ್ರಿಲಿನಲ್ಲಿ ಕೋವಿಡ್ ಕಾರಣಕ್ಕೆ ಕೇಂದ್ರವು ಸಂಸದರ ನಿಧಿಯನ್ನು ತಡೆಹಿಡಿದಾಗ ಊರಿಗೆಲ್ಲ ಜ್ವರದ ಭಯ, ಇವರಿಗೆ ಮಾತ್ರ ಸೂತಕ. ಅದೇ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಸದಸ್ಯರ ಅವಧಿಯೂ ಮುಗಿಯಿತು. ಚುನಾವಣೆ ನಡೆಯಲಿಲ್ಲ. ಬೆಳಗ್ಗೆ ಹೋಗಿ ಕಾಫಿ ಕುಡಿದು ಅರ್ಜಿ ಕೊಟ್ಟುಬರಲು ಇದ್ದ ಒಂದು ಮನೆಯೂ ಇವರಿಗೆ ತಪ್ಪಿಹೋಯಿತು.

ಮೂಲೆ ಮನೆಯ ಜಯಮ್ಮನವರು ಮಾತ್ರ ಇವರ ವಿದ್ಯೆಗೆ ಬೆರಗಾಗುವವರಲ್ಲ.

“ಏನ್ ಸಾರ್, ಆ ಮೋರಿ ಒಂದ್ಸಲ ಕ್ಲೀನ್ ಮಾಡಿಸ್ಬಾರ್ದಾ? ಸೊಳ್ಳೆ ತಡೆಯಕ್ಕಾಗ್ತಿಲ್ಲ.”

“ಹೂಳು ತೆಗೆಸೋದು ಮೇಂಟೆನೆನ್ಸ್ ಆಗುತ್ತೆ ಅಮ್ಮ. ಎಂಪಿ ಗ್ರಾಂಟಿಗೆ ಬರಲ್ಲ. ಬಾಳಿಕೆ ಬರೋ ಸಮುದಾಯ ಆಸ್ತಿ ಕೇಳ್ಬೇಕು.”

“ಆ ಹೂಳು ನಾನು ಮದುವೆಯಾಗಿ ಬಂದಾಗಿಂದ ಬಾಳಿಕೆ ಬಂದೈತಲ್ಲ ಸಾರ್!”

ಬಾಳಿಕೆಯ ಆಸ್ತಿ ಎಂದು ಕಾರ್ಯದರ್ಶಿಗಳ ಕಣ್ಣು ಬಿದ್ದದ್ದು ಖಾಲಿ ಸಿಎ ನಿವೇಶನದ ಮೇಲೆ. ಮೊದಲು ಭಜನೆ ಮಂದಿರ ಎಂದೇ ಬರೆದಿದ್ದರು. ಪೂಜಾಸ್ಥಳಕ್ಕೆ ಆ ನಿಧಿ ಬಳಸುವಂತಿಲ್ಲ ಎಂದು ಗೊತ್ತಾದ ಸಂಜೆಯೇ ಅದು ‘ಬಹೂಪಯೋಗಿ ಸಮುದಾಯ ಭವನ’ವಾಯಿತು. ಗಣಪತಿಯನ್ನು ಬಹೂಪಯೋಗದ ಪಟ್ಟಿಯಲ್ಲಿ ಕೊನೆಗೆ ಸೇರಿಸಿದರು.

ಆಮೇಲೆ ಶುರುವಾಯಿತು ಕಡತದ ಯಾತ್ರೆ. ಅರ್ಜಿಯ ಅಂಚಿನಲ್ಲಿ ಸಾಹೇಬರು ಹಸಿರು ಶಾಯಿಯಲ್ಲಿ ಗೀಚಿದ್ದನ್ನು ಇವರು ಬಿಡಿಸಿ ಓದುವ ರೀತಿಯೇ ಬೇರೆ. ‘ಪರಿಶೀಲಿಸಿ’ ಎಂದಿದ್ದರೆ ಆಗುವುದಿಲ್ಲ. ‘ಪರಿಶೀಲಿಸಿ ಕ್ರಮ ವಹಿಸಿ’ ಎಂದಿದ್ದರೆ ನೋಡೋಣ. ‘ಕ್ರಮ ವಹಿಸಿ’ಯ ಕೆಳಗೆ ಗೆರೆ ಎಳೆದಿದ್ದರೆ ಮನೆಗೆ ಬರುವಾಗ ಮೈಸೂರುಪಾಕು ತರುತ್ತಾರೆ. ಎಸ್ಟಿಮೇಟಿಗೆ ಜೆಇ, ಅವರ ಮೇಲೆ ಎಇಇ. ಯಾರು ಯಾವ ದಿನ ರಜೆ, ಯಾರ ಮಗಳಿಗೆ ಸೀಟು ಸಿಕ್ಕಿತು, ಎಲ್ಲವೂ ಡೈರಿಯಲ್ಲಿದೆ. ನ್ಯಾಯವಾಗಿ ಹೇಳಬೇಕೆಂದರೆ, ಇದರಲ್ಲಿ ಅವರು ಒಂದು ರೂಪಾಯಿ ತಿಂದವರಲ್ಲ. ಆಟೋ ಚಾರ್ಜೂ ಕೈಯಿಂದಲೇ. ನಿಷ್ಕಾಮ ಕರ್ಮ ಅವರದು, ಫಲ ಕಂಟ್ರಾಕ್ಟರದು.

ಗುದ್ದಲಿ ಪೂಜೆಯ ಬ್ಯಾನರಿನಲ್ಲಿ ಮುಖಗಳ ನಡುವೆ ಜಾಗ ಮಾಡಿಕೊಂಡು ಅವರ ಫೋಟೋ ಅಂಚೆಚೀಟಿಯಷ್ಟಿತ್ತು. ಅದನ್ನೇ ಜೂಮ್ ಮಾಡಿ ಅಮೆರಿಕದ ಮಗನಿಗೆ ಕಳಿಸಿದರು. ಭವನ ಲಿಂಟಲ್ ಮಟ್ಟಕ್ಕೆ ಬಂದು ನಿಂತಿತು. ಅಲ್ಲಿಂದ ಛಾವಣಿಗೆ ಬೇರೆ ಹೆಡ್ಡು, ಬೇರೆ ವರ್ಷ, ನಡುವೆ ಒಂದು ನೀತಿ ಸಂಹಿತೆ. ಕೊನೆಗೂ ಬಣ್ಣ ಬಳಿದು, ಕಾಮಗಾರಿಯ ಮೊತ್ತ ಕೆತ್ತಿದ ಕಲ್ಲು ಕೂರಿಸಿದ್ದಾಯಿತು. ಅಕ್ಷರ ಸ್ಪಷ್ಟವಾಗಿ ಕಾಣುವುದಿಲ್ಲವೆಂದು ಅದಕ್ಕೊಂದು ದೀಪ ಬೇಡುವ ಅರ್ಜಿ ಈಗಾಗಲೇ ಬ್ಯಾಗಿನಲ್ಲಿದೆ.

ಬಿಲ್ಲಿನ ಹೊತ್ತಿಗೆ ಹೊಸ ತೊಡಕು. ಕಡತಕ್ಕೆ ಕಾಮಗಾರಿಗೆ ಮುಂಚಿನ ಫೋಟೋ ಬೇಕಂತೆ. ಖಾಲಿ ಜಾಗವನ್ನು ಯಾರು ತೆಗೆದಿಟ್ಟುಕೊಳ್ಳುತ್ತಾರೆ? ಕಾರ್ಯದರ್ಶಿಗಳು ಮನೆಮನೆ ಆಲ್ಬಮ್ಮು ಜಾಲಾಡಿದರು. ಜಯಮ್ಮನವರ ಮಗನ ಮದುವೆಯದು ಸಿಕ್ಕಿತು: ಹಿಂದೆ ನಿವೇಶನ ಬಟಾಬಯಲು, ಮುಂದೆ ಬಾಸಿಂಗ ಕಟ್ಟಿಕೊಂಡ ಮದುಮಗ. ಅವನ ಎದೆಯ ಮೇಲೆಯೇ ಸಂಘದ ಸೀಲು ಒತ್ತಿ ಕಳಿಸಿದರು.

ವಾರದಲ್ಲಿ ಆಕ್ಷೇಪಣೆ ಬಂತು: ‘ಚಿತ್ರದಲ್ಲಿರುವ ವ್ಯಕ್ತಿಯು ಸದರಿ ಕಾಮಗಾರಿಯ ಫಲಾನುಭವಿಯೇ ಎಂಬುದನ್ನು ಸ್ಪಷ್ಟಪಡಿಸುವುದು.’

ಕಾರ್ಯದರ್ಶಿಗಳು ‘ಹೌದು’ ಎಂದು ಬರೆದು, ಇನ್ನೊಂದು ಸೀಲು ಹಾಕಿ, ಏಳನೇ ಸದಸ್ಯನ ಸಹಿಗೆ ನನ್ನ ಮನೆಗೆ ಬಂದರು.